ಅಸಲಿ ಉಪವಾಸ

ಆವತ್ತು ಮುಂಜಾನೆ ಭಾಗೀರಥಿಬಾಯಿ ನಾಷ್ಟಾ ಮಾಡದೆ ಮನೆ ಬಿಟ್ಟಳು. ಆಮೇಲೆ ನಡೆದದ್ದಕ್ಕೆಲ್ಲ ಅದೇ ಮೂಲ.

ನಾಷ್ಟಾ ಬಿಟ್ಟದ್ದು ವ್ರತಕ್ಕಲ್ಲ, ಸಿಟ್ಟಿಗೂ ಅಲ್ಲ. ಮಗಳು ಪ್ರಣಿತಾ ಹೇಳಿದಳೆಂದು. ಬೀದರಿನ ಮೈಲೂರಿನಲ್ಲಿರುವ ಉತ್ತಮ ಅನ್ನುವವರ ಮನೆಯಿಂದ ಮಧ್ಯಾಹ್ನದ ಊಟಕ್ಕೆ ಹೇಳಿಕಳಿಸಿದ್ದರು. ಅವರ ಮಗ ಕಪಿಲ ಬ್ಯಾಂಕಿನಲ್ಲಿ ಗುಮಾಸ್ತ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿ ತಿಂಗಳಾಗಿತ್ತು. ಹಿರಿಯರು ಕೂಡಿ ಉಂಡು, ಲಗ್ನದ ತಾರೀಖು ಗೊತ್ತು ಮಾಡುವುದೊಂದೇ ಬಾಕಿ.

"ಅವ್ವಾ, ಹ್ವಾದ ಸಲ ಭಾಲ್ಕಿಯವ್ರ ಮನ್ಯಾಗ ಅರ್ಧಾ ರೊಟ್ಟಿ ತಿಂದು ಸಾಕಂದಿ. ನಮ್ಮನಿ ಊಟ ಹಿಡಸಲಿಲ್ಲ ಅಂತ ಅವ್ರು ಮಾರಿ ಸಣ್ಣ ಮಾಡ್ಕೊಂಡ್ರು. ಸಂಬಂಧ ಅಲ್ಲಿಗೇ ಮುಗೀತು," ಅಂದಿದ್ದಳು ಪ್ರಣಿತಾ. "ಈ ಸಲ ಖಾಲಿ ಹೊಟ್ಟಿಲೆ ಹೋಗು. ಹಾಕಿದ್ದೆಲ್ಲಾ ಉಣ್ಣು. ಇನ್ನೊಂದ್ ಹೋಳಿಗಿ ಅಂತ ನೀನೇ ಕೇಳು."

ಭಾಗೀರಥಿಬಾಯಿ ಡಾಬಕಾದ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಹದಿನೇಳು ವರ್ಷದಿಂದ ದಿನಾ ನೂರಾ ನಲವತ್ತು ಮಕ್ಕಳಿಗೆ ಅನ್ನ ಸಾರು ಬೇಯಿಸಿ ಬಡಿಸಿದವಳು. ಆವತ್ತಿನ ಅಡುಗೆಯನ್ನು ಜೊತೆಗಾತಿ ಕುಬರಾಳ ಕೈಗೆ ಒಪ್ಪಿಸಿ, ಅರ್ಧ ಕಪ್ಪು ಚಹಾ ಕುಡಿದು, ಹಸಿರು ರೇಷ್ಮೆ ಸೀರೆ ಉಟ್ಟು ಔರಾದದ ಬಸ್ಸು ಹಿಡಿದಳು. ಗಂಡ ನರಸಿಂಗ ಹಿಂದಿನ ದಿನವೇ ಬೀದರಿನ ತಂಗಿಯ ಮನೆಗೆ ಹೋಗಿದ್ದ. ಅಲ್ಲಿಂದ ನೇರ ಮೈಲೂರಿಗೆ ಬರುವುದು ಅಂತ ಮಾತಾಗಿತ್ತು.

ಔರಾದದಲ್ಲಿ ಬಸ್ಸು ಬದಲಾಯಿಸಿ ಬೀದರ ಮುಟ್ಟಿದಾಗ ಹನ್ನೊಂದು ಗಂಟೆ. ಊಟ ಒಂದಕ್ಕೆ. ಕೈಯಲ್ಲಿ ಎರಡು ತಾಸಿತ್ತು. ಬೀಗರ ಮನೆಗೆ ಬರಿಗೈಲಿ ಹೋಗಬಾರದೆಂದು ಬಾಳೆಹಣ್ಣು, ದ್ರಾಕ್ಷಿ ಕೊಂಡು ಚೀಲಕ್ಕೆ ಹಾಕಿಕೊಂಡಳು. ಬಿಸಿಲಿಗೆ ಬಾಯಿ ಒಣಗಿತ್ತು. ಜಿಲ್ಲೆಯ ದೊಡ್ಡ ಸಾಹೇಬರ ಕಚೇರಿ ಎದುರಿನ ಬೇವಿನ ಮರದ ಹತ್ತಿರ ಶಾಮಿಯಾನ ಹಾಕಿದ್ದರು, ನೀರಿನ ಕ್ಯಾನು ಕಾಣಿಸಿತು. ಒಂದು ಗ್ಲಾಸು ನೀರು ಕುಡಿದು ಆಟೋ ಹಿಡಿದರಾಯಿತು ಅಂತ ಅತ್ತ ಹೆಜ್ಜೆ ಹಾಕಿದಳು.

"ಅಯ್ಯೋ, ಡಾಬಕಾದ ಬಾಯಿ ಬಂದಾಳ!"

ಕೂಗಿದವಳು ಮುನ್ನಿಬೀ. ಹಿಂದೊಮ್ಮೆ ಅಡುಗೆಯವರ ತರಬೇತಿಯಲ್ಲಿ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತಿದ್ದರು. ಇಲ್ಲಿ ನೆರೆದವರೆಲ್ಲ ಬಿಸಿಯೂಟದ ಹೆಂಗಸರೇ ಅಂತ ಭಾಗೀರಥಿಬಾಯಿಗೆ ಆಗ ತಿಳಿಯಿತು. ನೋಡಿದರೆ ಬೇವಿನ ಮರದ ಎಡಕ್ಕೊಂದು ಶಾಮಿಯಾನ, ಬಲಕ್ಕೊಂದು ಶಾಮಿಯಾನ. ಎರಡರಲ್ಲೂ ಮೈಕು, ಎರಡರಲ್ಲೂ ಐದೈದು ಕುರ್ಚಿ. ಎಡಗಡೆಯ ಬ್ಯಾನರಿನ ಮೇಲೆ 'ಜಿಲ್ಲಾ ಬಿಸಿಯೂಟದ ಅಡುಗೆಯವರ ಸಂಘ' ಅಂತಿತ್ತು. ಬಲಗಡೆಯದರ ಮೇಲೆ 'ಜಿಲ್ಲಾ ಬಿಸಿಯೂಟದ ಅಡುಗೆಯವರ ಸಂಘ (ಅಸಲಿ)'.

ಸಂಘ ಒಡೆದು ಮೂರು ವರ್ಷವಾಗಿತ್ತು. ಯಾವುದೋ ಸಾಹೇಬರಿಗೆ ಮನವಿ ಕೊಟ್ಟ ದಿನ ಪೇಪರಿನಲ್ಲಿ ಫೋಟೋ ಬಂದಿತ್ತು. ಅದರಲ್ಲಿ ಬೀದರಿನ ಮಹಾಮಾಯಾಳ ಮುಖ ಪೂರ್ತಿ ಬಂದಿತ್ತು, ಭಾಲ್ಕಿಯ ಖತೀಜಾ ಬೇಗಂಳ ಮೊಣಕೈ ಮಾತ್ರ ಬಂದಿತ್ತು. ಮರುದಿನದಿಂದ ಸಂಘ ಎರಡಾಯಿತು, ಬೀದರದವರದೊಂದು, ಭಾಲ್ಕಿಯವರದೊಂದು. ಇಬ್ಬರ ಬೇಡಿಕೆಗಳೂ ಏಳೇ, ಅವೇ ಏಳು. ಅಡುಗೆ ಕೋಣೆಯ ಹೊಗೆ ಹೋಗಲು ದೊಡ್ಡ ಕಿಟಕಿ ಬೇಕು ಅನ್ನುವುದು ಒಬ್ಬರ ಪಟ್ಟಿಯಲ್ಲಿ ಮೂರನೆಯದು, ಇನ್ನೊಬ್ಬರ ಪಟ್ಟಿಯಲ್ಲಿ ನಾಲ್ಕನೆಯದು. ಆ ಒಂದು ವ್ಯತ್ಯಾಸಕ್ಕೆ ಎರಡೂ ಕಡೆಯವರು ಜೀವ ಕೊಡಲು ತಯಾರಿದ್ದರು. ಆವತ್ತು ಎರಡೂ ಕಡೆ ಐದೈದು ಜನರ ಉಪವಾಸ ಸತ್ಯಾಗ್ರಹ.

ಡಾಬಕಾದವರೆಗೆ ಈ ಸುದ್ದಿ ಬಂದಿರಲಿಲ್ಲ. ಭಾಗೀರಥಿಬಾಯಿ ನೀರು ಕುಡಿದು ಗ್ಲಾಸು ಕೆಳಗಿಡುವಷ್ಟರಲ್ಲಿ ಮಹಾಮಾಯಾ ಮೈಕು ಹಿಡಿದಾಗಿತ್ತು.

"ಬಂದ್ರು! ಔರಾದ ತಾಲೂಕಿನವ್ರು ಬಂದ್ರು! ಔರಾದ ನಮ್ಮ ಸಂಗಾಟ ಇಲ್ಲ ಅಂತಿದ್ರಲ್ಲಾ, ಕಣ್ಣು ಬಿಟ್ಟು ನೋಡ್ರಿ! ಔರಾದ ತಾಲೂಕಾ ಅಧ್ಯಕ್ಷರಾದ ಭಾಗೀರಥಿಬಾಯಿ ಅಕ್ಕನೋರು!"

"ಏ ತಂಗೀ, ನಾ ಅಧ್ಯಕ್ಷ ಏನೂ ಅಲ್ಲವ್ವಾ," ಅಂದಳು ಭಾಗೀರಥಿಬಾಯಿ.

"ಈಗ ಆದ್ರಲ್ರಿ ಅಕ್ಕಾ," ಅಂದಳು ಮಹಾಮಾಯಾ ಮೈಕಿಗೆ ಕೈ ಅಡ್ಡ ಇಟ್ಟು.

ಉಪವಾಸಕ್ಕೆ ಕೂಡಬೇಕಾದ ಐವರಲ್ಲಿ ಒಬ್ಬಳ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಆಕೆ ಬಂದಿರಲಿಲ್ಲ. ಒಂದು ಹಾರ, ಒಂದು ಕುರ್ಚಿ ಖಾಲಿ ಇದ್ದವು. ಮುನ್ನಿಬೀ ಆ ಹಾರವನ್ನು ಭಾಗೀರಥಿಬಾಯಿಯ ಕೊರಳಿಗೆ ಹಾಕಿ, ಆ ಕುರ್ಚಿಯಲ್ಲಿ ಕೂಡಿಸಿ, ಹಣ್ಣಿನ ಚೀಲ ಇಸಿದುಕೊಂಡು, "ಎರಡೇ ಮಿನಿಟ ಕೂಡ್ರಿ ಬಾಯಿ, ಫೋಟೋ ಆದ ಮ್ಯಾಲ ಹೋಗೀರಂತ," ಅಂದಳು.

ಎರಡು ಮಿನಿಟಾಗುವ ಮೊದಲೇ ಪೊಲೀಸ್ ಪೇದೆ ಜಹೀರೋದ್ದೀನ ಬಂದ. ಆತ ಲೆಕ್ಕದ ಮನುಷ್ಯ. ಉಪವಾಸಕ್ಕೆ ಯಾರು ಕೂತರು, ಯಾವಾಗ ಕೂತರು, ಯಾವಾಗ ಬಿದ್ದರು, ಎಲ್ಲವನ್ನೂ ಬರೆದಿಟ್ಟುಕೊಳ್ಳುವ ಡ್ಯೂಟಿ ಆತನದು.

"ಐದ್ ಮಂದಿ ಅಂತ ಅರ್ಜಿ ಆದ. ಒಂದು, ಎರಡು, ಮೂರು, ನಾಕು, ಐದು. ಬರೋಬರ್. ಬಾಯಿ, ಹೆಸರೇನ್ರಿ?"

ಪೊಲೀಸರು ಕೇಳಿದರೆ ಹೇಳಬೇಕು, ಆಕೆಗೆ ಗೊತ್ತಿದ್ದದ್ದು ಅಷ್ಟೇ. "ಭಾಗೀರಥಿಬಾಯಿ ಗಂಡ ನರಸಿಂಗ, ಡಾಬಕಾ."

"ಬೀಪಿ?"

"ಇಲ್ರಿ."

"ಸಕ್ಕರಿ?"

ಚಹಾಕ್ಕೆ ಕೇಳುತ್ತಿದ್ದಾನೆ ಅಂದುಕೊಂಡು, "ಜರಾ ಕಮ್ಮೀನೇ ಹಾಕ್ರಿ," ಅಂದಳು.

ಜಹೀರೋದ್ದೀನ 'ಸಕ್ಕರೆ ಕಮ್ಮಿ' ಅಂತ ಬರೆದುಕೊಂಡ. "ಕಡೀಕ ಊಟ ಯಾವಾಗ ಮಾಡೀರಿ?"

"ನಿನ್ನಿ ರಾತ್ರಿ."

ಆತ ಪೆನ್ನು ಎತ್ತಿ ಆಕೆಯ ಮುಖ ನೋಡಿದ. ಉಳಿದ ಒಂಬತ್ತೂ ಜನ ಒಂಬತ್ತೂವರೆಗೆ ಸುಶಲಾ ಮಿರ್ಚಿಯ ನಾಷ್ಟಾ ಬಾರಿಸಿ, ಹತ್ತಕ್ಕೆ ಉಪವಾಸ ಶುರು ಮಾಡಿದ್ದು ಆತನಿಗೆ ಗೊತ್ತಿತ್ತು. "ವಾಹ್ ಬಾಯಿ," ಅಂದ. "ಇಲ್ಲಿ ಸಹಿ ಮಾಡ್ರಿ."

ಸಹಿ ಮಾಡಿ ಎದ್ದಳು. "ಬರ್ತೇನ್ರಿ ಹಂಗಾರ. ಮೈಲೂರಿಗಿ ಹೋಗಬೇಕು, ಬೀಗರ ಮನ್ಯಾಗ ಊಟ ಆದ."

ಜಹೀರೋದ್ದೀನನ ಮುಖ ಗಂಭೀರವಾಯಿತು. "ಊಟಾ? ಈಗ ತಾನೇ ಉಪವಾಸ ಅಂತ ಸಹಿ ಮಾಡೀರಿ. ಸರಕಾರಿ ಕಾಗದ ಆದ ಇದು. ಸಂಜೀಗಿ ದೊಡ್ಡ ಸಾಹೇಬ್ರು ಬಂದು ನಿಂಬಿ ಪಾನಕ ಕುಡಸತಾರ. ಅವ್ರ ಕೈಲೇ ಬಿಡಬೇಕು. ನಡುವ ಎದ್ದು ಹೋದ್ರ ನಾ ನಿಮಗ ಅಂಬುಲೆನ್ಸಿನಾಗ ಹಾಕಿ ದವಾಖಾನಿಗಿ ಒಯ್ಯಬೇಕಾಗ್ತದ."

ಬೀಗರ ಮನೆಗೆ ಹೊರಟವಳು ಅಂಬುಲೆನ್ಸಿನಲ್ಲಿ ಊರೆಲ್ಲ ಸುತ್ತುವ ಚಿತ್ರ ಕಣ್ಣಿಗೆ ಕಟ್ಟಿ ಭಾಗೀರಥಿಬಾಯಿ ಮತ್ತೆ ಕೂತಳು.

ಒಂದು ಗಂಟೆಗೆ ಫೋನು ಬಂತು. ನರಸಿಂಗ.

"ಎಲ್ಲಿದ್ದಿ? ಭಜಿ ಕರದಿಟ್ಟಾರ, ಆರಲತ್ತಾವ."

"ಉಪವಾಸ ಕುಂತೀನ್ರಿ."

"ಇವತ್ತೇನು ಹುಣ್ಣಿಮಿ ಆದೇನು?"

"ಹುಣ್ಣಿಮಿ ಅಲ್ರಿ, ಸಂಘದ್ದು. ನೀರು ಕುಡೀಲಿಕ್ಕಿ ನಿಂತಿದ್ದೆ, ಹಾರ ಹಾಕಿ ಕೂಡಿಸ್ಯಾರ."

"ನೀರು ಕುಡದ್ರ ಯಾರರೇ ಹಾರ ಹಾಕ್ತಾರಾ? ಲಗೂನೆ ಬಾ. ಹೋಳಿಗಿ ಮ್ಯಾಲ ತುಪ್ಪ ಹಾಕ್ಯಾರ, ಗಟ್ಟಿ ಆಗಲತ್ತದ." ಕೊನೆಯ ಮಾತು ಬಾಯಿ ತುಂಬಿಕೊಂಡೇ ಬಂತು.

ಹೋಳಿಗೆಯ ಹೆಸರು ಕೇಳಿದ್ದೇ ಭಾಗೀರಥಿಬಾಯಿಗೆ ಧೈರ್ಯ ಬಂತು. ಜಹೀರೋದ್ದೀನ ನೆರಳಿಗೆ ಸರಿದು ಬೆನ್ನು ತಿರುಗಿಸಿದ್ದು ನೋಡಿ ಮೆಲ್ಲಗೆ ಎದ್ದು, ಶಾಮಿಯಾನದ ಹಿಂದಿನಿಂದ ಹಾಯ್ದು, ಬೇವಿನ ಮರ ದಾಟಿ ರಸ್ತೆಗೆ ಬಂದಳು. ಕೊರಳ ಹಾರ ತೆಗೆಯುವುದನ್ನು ಮರೆತಿದ್ದಳು. ಹತ್ತು ಹೆಜ್ಜೆ ಹೋಗಿರಲಿಲ್ಲ, ಎರಡು ಕೈಗಳು ಬಂದು ಆಕೆಯ ತೋಳು ಹಿಡಿದವು.

"ಆಪಾ! ಅವ್ರಿಗಿ ಬಿಟ್ಟು ಬಂದ್ರಿ! ನನಗ ಗೊತ್ತಿತ್ತು ನೀವು ಬರ್ತೀರಂತ!"

ಖತೀಜಾ ಬೇಗಂ. ಬಲಗಡೆಯ ಶಾಮಿಯಾನದ ಒಡತಿ. ಭಾಗೀರಥಿಬಾಯಿಯನ್ನು ಇದೇ ಮೊದಲ ಸಲ ನೋಡುತ್ತಿದ್ದಳು, ಆದರೆ ಕಳೆದುಹೋದ ತಂಗಿ ಸಿಕ್ಕಳೇನೋ ಅನ್ನುವ ಹಾಗೆ ಅಪ್ಪಿಕೊಂಡಳು. ಮರುಗಳಿಗೆ ಎರಡನೇ ಹಾರ ಬಿತ್ತು. ಮೈಕು ಚೀರಿತು: "ಔರಾದ ತಾಲೂಕಾ ಅಧ್ಯಕ್ಷರು ನಕಲಿ ಸಂಘಕ್ಕ ಲಾತ್ ಕೊಟ್ಟು ಅಸಲಿ ಸಂಘಕ್ಕ ಬಂದಾರ!"

"ನಾ ಮೈಲೂರಿಗಿ ಹೊಂಟಿದ್ದೆರಿ," ಅಂದಳು ಭಾಗೀರಥಿಬಾಯಿ. ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಲಿಲ್ಲ.

ಎಡಗಡೆಯಿಂದ ಮಹಾಮಾಯಾ ಓಡಿ ಬಂದಳು. "ನಮ್ಮ ಅಧ್ಯಕ್ಷರಿಗಿ ಅಪಹರಣ ಮಾಡ್ಯಾರ!"

"ತಾವೇ ನಡಕೋತ ಬಂದಾರ, ಅಪಹರಣ ಅಂತಾಳ!"

"ಹಾರ ಮೊದಲು ನಾವು ಹಾಕೀವಿ!"

"ನಮ್ಮ ಹಾರ ದೊಡ್ಡದದ!"

ಒಬ್ಬಳು ಎಡಗೈ, ಒಬ್ಬಳು ಬಲಗೈ. ಹಪ್ಪಳದ ಹಿಟ್ಟಿನ ಹಾಗೆ ಭಾಗೀರಥಿಬಾಯಿ ಅತ್ತಲೂ ಇತ್ತಲೂ ಎಳೆದಾಡಿಸಿಕೊಂಡಳು. ಜಹೀರೋದ್ದೀನ ಸೀಟಿ ಊದುತ್ತ ಬಂದ. ಆತನ ಚಿಂತೆ ಬೇರೆ. ಕಾಗದದ ಪ್ರಕಾರ ಎರಡೂ ಕಡೆ ಐದೈದು. ಈಗ ಎಡಕ್ಕೆ ನಾಲ್ಕು, ಬಲಕ್ಕೆ ಆರು.

"ಒಬ್ಬ ಮನಿಷಾ ಎರಡು ಕಡಿ ಉಪವಾಸ ಮಾಡ್ಲಿಕ್ಕಿ ಬರಾಂಗಿಲ್ರಿ," ಅಂದ. "ಬಾಯಿ, ನೀವು ಯಾರ ಕಡಿಯವ್ರು? ನೀವೇ ಹೇಳ್ರಿ."

"ನಾ ಯಾರ ಕಡಿಯಾಕಿನೂ ಅಲ್ರಿ, ಸಾಹೇಬ್ರ."

"ಹಂಗಾರ ಆತು." ಆತ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಎರಡೂ ಶಾಮಿಯಾನಗಳ ನಡುವೆ, ಬೇವಿನ ಮರದ ಬುಡದಲ್ಲಿ ಹಾಕಿದ. "ಸಾಹೇಬ್ರು ಬಂದು ಫೈಸಲಾ ಮಾಡೋತನಕ ಇಲ್ಲೇ ಕೂಡ್ರಿ. ಆಕಡಿ ಅಲ್ಲ, ಈಕಡಿ ಅಲ್ಲ."

ಎರಡು ಹಾರ ಹೊತ್ತು ಭಾಗೀರಥಿಬಾಯಿ ಒಬ್ಬಳೇ ನಡುವೆ ಕೂತಳು. ಶಾಮಿಯಾನಗಳಿಗೆ ಹಿಂದೆ ಪರದೆಗಳಿದ್ದವು. ಉಪವಾಸದವರು ಒಬ್ಬೊಬ್ಬರಾಗಿ ಪರದೆಯ ಹಿಂದೆ ಹೋಗಿ, ಬಾಯಿ ಒರೆಸಿಕೊಳ್ಳುತ್ತ ಬಂದು, ಮತ್ತೆ ಸೋತ ಮುಖ ಮಾಡಿ ಕೂಡುತ್ತಿದ್ದರು. ನಡುವಿನ ಕುರ್ಚಿಗೆ ಪರದೆ ಇರಲಿಲ್ಲ. ಎಡಗಡೆಯಿಂದ ಪೂರಿ ಭಾಜಿಯ ವಾಸನೆ, ಬಲಗಡೆಯಿಂದ ಮಸಾಲೆ ಅನ್ನ ತಾಹರಿಯ ವಾಸನೆ. ಆಕೆಯ ಮೂಗಿಗೆ ಪಂಗಡ ಗೊತ್ತಿರಲಿಲ್ಲ, ಎರಡನ್ನೂ ಸಮನಾಗಿ ಎಳೆದುಕೊಂಡಿತು.

ಮುನ್ನಿಬೀ ಬಗ್ಗಿ ಬಗ್ಗಿ ಬಂದು ಪಿಸುಗುಟ್ಟಿದಳು: "ಬಾಯಿ, ಪರ್ದಾದ ಹಿಂದ ಬರ್ರಿ. ಬಿಸಿ ಪೂರಿ ಅವ. ಬೀದರದವ್ರ ಕಡಿ ಅಂತ ಒಂದು ಚೀಟಿ ಬರದು ಕೊಟ್ಟುಬಿಡ್ರಿ, ಸಾಕು."

ಭಾಗೀರಥಿಬಾಯಿ ಅರ್ಧ ಎದ್ದಿದ್ದಳು. ಬಲಗಡೆಯ ಮೈಕು ಕೂಗಿತು: "ಪೂರಿ ಆಸೆ ತೋರಸಿ ನಾಯಕರಿಗಿ ಖರೀದಿ ಮಾಡ್ಲತ್ತಾರ! ಧಿಕ್ಕಾರ!" ಕೂತಳು. ಸ್ವಲ್ಪ ಹೊತ್ತಿಗೆ ಖತೀಜಾ ಬೇಗಂ ಒಂದು ತಾಟು ತಾಹರಿ ಸೆರಗಿನಲ್ಲಿ ಮುಚ್ಚಿಕೊಂಡು ನಾಲ್ಕು ಹೆಜ್ಜೆ ಬಂದಳು. ಎಡಗಡೆಯವರು ಎದ್ದು ನಿಂತು ಮೊಬೈಲುಗಳಲ್ಲಿ ಫೋಟೋ ಹೊಡೆಯತೊಡಗಿದರು. ತಾಟು ವಾಪಸು ಹೋಯಿತು.

ತನ್ನ ಹಣ್ಣಿನ ಚೀಲವಾದರೂ ಕೊಡಿ ಅಂತ ಕೇಳಿದಳು. ಮುನ್ನಿಬೀ ತಂದುಕೊಟ್ಟ ಚೀಲದಲ್ಲಿ ದ್ರಾಕ್ಷಿಯ ಕಡ್ಡಿಗಳಿದ್ದವು. "ಬಿಸಲಿಗಿ ಕೆಡಲತ್ತಿದ್ದವ್ರಿ," ಅಂದಳು ಮುನ್ನಿಬೀ ನೆಲ ನೋಡುತ್ತ.

ಪಕ್ಕದಲ್ಲಿ ಜಹೀರೋದ್ದೀನ ಡಬ್ಬಿ ಬಿಚ್ಚಿದ. ನೀರಿಳಿದ ಆಕೆಯ ಮುಖ ನೋಡಿ ಆತನಿಗೂ ಕೆಡುಕೆನಿಸಿತು. ಕುರ್ಚಿ ತಿರುಗಿಸಿಕೊಂಡು ಆಕೆಗೆ ಬೆನ್ನು ಮಾಡಿ ಉಂಡ. ಅಗಿಯುವ ಸದ್ದು ಮಾತ್ರ ಬರುತ್ತಿತ್ತು.

ಎರಡು ಗಂಟೆಗೆ ಮತ್ತೆ ಫೋನು. ಈ ಸಲ ನರಸಿಂಗನ ದನಿ ತಗ್ಗಿತ್ತು. "ಬೀಗರು ಸಿಟ್ಟಾಗ್ಯಾರ. ನಮ್ಮನಿ ಊಟದ ದಿನಾನೇ ಬೇಕಂತ ಉಪವಾಸ ಹಿಡದಾರಾ ಅಂತ ಕೇಳಲತ್ತಾರ. ಬೀಗತಿ ಅಡಗಿ ಮನಿ ಬಾಗಲಾ ಹಾಕ್ಕೊಂಡಾರ. ಏನು ಹೇಳ್ಲಿ?"

"ನನಗ ಕಣ್ಣಿಗಿ ಕತ್ತಲಿ ಬರ್ಲತ್ತದ ಅಂತ ಹೇಳ್ರಿ."

"ಅದು ಅವ್ರಿಗೂ ಬಂದದ," ಅಂದು ಆತ ಇಟ್ಟುಬಿಟ್ಟ.

ಭಾಗೀರಥಿಬಾಯಿಗೆ ಅಳು ಬಂತು. ಹಸಿವು ಒಂದು ಕಡೆ, ಮಗಳ ಸಂಬಂಧ ಒಂದು ಕಡೆ. ಭಾಲ್ಕಿಯದು ಅರ್ಧ ರೊಟ್ಟಿಗೆ ಮುರಿದಿತ್ತು, ಇದು ರೊಟ್ಟಿ ಮುಟ್ಟುವ ಮೊದಲೇ ಮುರಿಯುವ ಹಾಗಿತ್ತು.

ಅಷ್ಟರಲ್ಲಿ ಮೊಬೈಲಿನಲ್ಲಿ ಸುದ್ದಿ ಬಿಡುವ ಅಖೀಲ ಅನ್ನುವವನು ಬಂದ. ಎರಡು ಶಾಮಿಯಾನ, ನಡುವೆ ಎರಡು ಹಾರದ ಹೆಂಗಸು. ಇಂಥದ್ದು ಆತನಿಗೆ ವರ್ಷಕ್ಕೊಮ್ಮೆ ಸಿಗುವಂಥದ್ದು. ಮೊಬೈಲು ಎತ್ತಿ ಹಿಡಿದು ಕೇಳಿದ: "ಎರಡೂ ಪಂಗಡ ಒಂದಾಗ್ಲಿ ಅಂತ ನಡುವ ಕುಂತೀರಂತ, ಖರೇ ಏನ್ರಿ ಬಾಯಿ?"

ನಾಯಕರಿಬ್ಬರಿಗೂ ಇದು ಕೇಳಿಸಿತು. ಆಕೆ ಏನಂದರೂ ತಮ್ಮ ಮೈಕಿನಲ್ಲೇ ಅನ್ನಲಿ ಅಂತ ಎಡದ ಮೈಕು ಓಡಿ ಬಂತು, ಹಿಂದೆಯೇ ಬಲದ್ದೂ ಬಂತು. ಎರಡೂ ಮೈಕುಗಳು ಆಕೆಯ ಬಾಯಿಯ ಹತ್ತಿರ ನಿಂತವು.

ಭಾಗೀರಥಿಬಾಯಿ ಹದಿನೇಳು ವರ್ಷದಲ್ಲಿ ಒಮ್ಮೆಯೂ ಮೈಕಿನಲ್ಲಿ ಮಾತಾಡಿದವಳಲ್ಲ. ಆದರೆ ಈಗ ಹೆದರಿಕೆಗೂ ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಅಲ್ಲಿ ಹಸಿವೇ ತುಂಬಿತ್ತು.

"ನನಗ ಹಸಿವಾಗ್ಯಾದ್ರಿ," ಅಂದಳು.

ಎರಡೂ ಮೈಕು ಇನ್ನಷ್ಟು ಹತ್ತಿರ ಬಂದವು.

"ದಿನಾ ನೂರಾ ನಲವತ್ತು ಹುಡುಗೂರಿಗಿ ಉಣಸ್ತೇನಿ. ಒಂದ್ ಹುಡುಗ ತಾಟು ಹಿಡಕೊಂಡು ಸುಮ್ಮನೇ ನಿಂತ್ರ, ಯಾಕಪ್ಪಾ ಏನಾಯ್ತು ಅಂತ ಕೇಳ್ತೇನಿ. ಮುಂಜಾನಿಂದ ನಾ ಇಲ್ಲಿ ಕುಂತೀನಿ. ಹೆಸರು ಕೇಳಿದ್ರಿ, ಊರು ಕೇಳಿದ್ರಿ, ಯಾರ ಕಡಿ ಅಂತ ಕೇಳಿದ್ರಿ. ಹಸಿವಾಗ್ಯಾದೇನವಾ ಅಂತ ಒಬ್ರೂ ಕೇಳಲಿಲ್ಲ. ನಾವು ಅಡಗಿ ಮಾಡೋರೇ ಹಿಂಗ ಮಾಡಿದ್ರ ಉಳದವ್ರು ಯಾರು ಕೇಳಬೇಕ್ರಿ? ನನಗ ಹೋಗ್ಲಿಕ್ಕಿ ಬಿಡ್ರಿ. ನಾ ಉಣಬೇಕು."

ಆಕೆ ಹೇಳಿದ್ದು ತನ್ನ ಹೊಟ್ಟೆಯ ಮಾತು, ಅದರಲ್ಲಿ ಬೇರೆ ಅರ್ಥ ಏನೂ ಇರಲಿಲ್ಲ. ಆದರೆ ಕೇಳಿದವರಿಗೆ ಅದು ಎಂಟನೇ ಬೇಡಿಕೆಯ ಹಾಗೆ ಕೇಳಿಸಿತು. ಮುನ್ನಿಬೀ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಲಗಡೆಯಿಂದ ಯಾರೋ "ಭಾಗೀರಥಿಬಾಯಿಗಿ ಜೈ!" ಅಂದರು. ಎಡಗಡೆಯವರೂ ಜೈ ಅಂದರು. ಮೂರು ವರ್ಷದಲ್ಲಿ ಎರಡೂ ಕಡೆಯವರು ಒಂದೇ ಹೆಸರಿಗೆ ಜೈ ಅಂದದ್ದು ಅದೇ ಮೊದಲು. ಅಖೀಲನ ವಿಡಿಯೋ ಹತ್ತು ಮಿನಿಟಿನಲ್ಲಿ ಬೀದರದಿಂದ ಔರಾದ, ಔರಾದದಿಂದ ಡಾಬಕಾ ಮುಟ್ಟಿ, ತಿರುಗಿ ಮೈಲೂರಿಗೂ ಬಂತು.

ನಾಲ್ಕೂವರೆಗೆ ಒಂದು ಆಟೋ ನಿಂತಿತು. ನರಸಿಂಗ ಇಳಿದ. ಆತನ ಹಿಂದೆ ಬಿಳಿ ಅಂಗಿಯ ಉತ್ತಮ ಇಳಿದರು. ಅವರ ಕೈಯಲ್ಲಿ ನಾಲ್ಕು ಅಂತಸ್ತಿನ ಟಿಫಿನ್ ಡಬ್ಬಿ.

"ಜೈಭೀಮ್ ಬೀಗತಿಯವ್ರೇ," ಅಂದರು ಉತ್ತಮ. "ಕಪಿಲ ಬ್ಯಾಂಕಿನಿಂದ ವಿಡಿಯೋ ಕಳಿಸ್ದ. ನಾವು ತಪ್ಪು ತಿಳಕೊಂಡೆವ್ರಿ. ಮನಿಯವ್ರು ಬಾಗಲಾ ತಗದು ಮತ್ತ ಹೊಸದಾಗಿ ಹೋಳಿಗಿ ಮಾಡಿ ಕಳಸ್ಯಾರ. ನೀವು ಉಪವಾಸ ಬಿಟ್ಟ ಕೂಡ್ಲೇ ಇಲ್ಲೇ ಉಣ್ರಿ, ಇಲ್ಲೇ ತಾರೀಖು ಗೊತ್ತು ಮಾಡಮು."

ಭಾಗೀರಥಿಬಾಯಿಗೆ ಜೀವ ಬಂದ ಹಾಗಾಯಿತು. ಡಬ್ಬಿಯ ಸಂದಿನಿಂದ ತುಪ್ಪದ ವಾಸನೆ ಬರುತ್ತಿತ್ತು. "ಸಾಹೇಬ್ರು ಯಾವಾಗ ಬರ್ತಾರ್ರಿ?" ಅಂತ ಜಹೀರೋದ್ದೀನನನ್ನು ಎಂಟನೇ ಸಲ ಕೇಳಿದಳು.

ಐದಕ್ಕೆ ಸಾಹೇಬರು ಬಂದರು. ಹಿಂದೆ ಒಬ್ಬ ಜವಾನ, ಅವನ ಕೈಯ ತಟ್ಟೆಯಲ್ಲಿ ನಿಂಬೆ ಪಾನಕದ ಹತ್ತು ಗ್ಲಾಸು. ಸಾಹೇಬರು ದಕ್ಷಿಣದ ಕಡೆಯವರು, ಕೆಲಸದ ಅವಸರದಲ್ಲಿದ್ದರು. ಎಡಗಡೆಯಿಂದ ಮಹಾಮಾಯಾ ಮನವಿ ಹಿಡಿದು ಬಂದಳು, ಬಲಗಡೆಯಿಂದ ಖತೀಜಾ ಬೇಗಂ ಬಂದಳು. ಸಾಹೇಬರು ಎರಡೂ ಕಾಗದ ಓದಿ, ಎರಡನ್ನೂ ವಾಪಸು ಕೊಟ್ಟರು.

"ಎರಡರಲ್ಲೂ ಇರೋದು ಒಂದೇ ಅಲ್ವೇನಮ್ಮ? ನಾನು ಎರಡು ಸಂಘಕ್ಕೆ ಉತ್ತರ ಕೊಡೋಕಾಗಲ್ಲ. ಒಂದೇ ಸಂಘ, ಒಬ್ಬರೇ ಅಧ್ಯಕ್ಷರು, ಒಂದೇ ಕಾಗದ. ಕಾಲು ಗಂಟೆ ಟೈಮು. ಇಲ್ಲಾಂದ್ರೆ ನಾನು ಹೊರಟೆ."

ಮಹಾಮಾಯಾ ಅಧ್ಯಕ್ಷೆಯಾಗಲು ಖತೀಜಾ ಬೇಗಂ ಒಪ್ಪಲಿಲ್ಲ. ಖತೀಜಾ ಬೇಗಂ ಆಗಲು ಮಹಾಮಾಯಾ ಒಪ್ಪಲಿಲ್ಲ. ಹತ್ತು ಮಿನಿಟು ಕಳೆಯಿತು. ಸಾಹೇಬರು ಗಡಿಯಾರ ನೋಡಿದರು. ಜವಾನ ತಟ್ಟೆಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದ. ಪಾನಕ ದೂರವಾಗುತ್ತಿದ್ದುದನ್ನು ನೋಡಿ ಭಾಗೀರಥಿಬಾಯಿ ಹೌಹಾರಿದಳು.

"ಯಾರರೇ ಒಬ್ರು ಆಗ್ರೆವಾ!" ಅಂತ ಕುರ್ಚಿಯಿಂದಲೇ ಕೂಗಿದಳು.

ಇಬ್ಬರೂ ತಿರುಗಿ ಆಕೆಯನ್ನು ನೋಡಿದರು. ಕೊರಳಲ್ಲಿ ತಮ್ಮದೂ ಹಾರ, ಅವರದೂ ಹಾರ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಈಕೆ ಅಧ್ಯಕ್ಷೆಯಾದರೆ ತಾವು ಗೆಲ್ಲುವುದಿಲ್ಲ, ಆದರೆ ಅವಳೂ ಗೆಲ್ಲುವುದಿಲ್ಲ.

"ಅಕ್ಕಾ, ನೀವೇ ಆಗ್ರಿ," ಅಂದಳು ಮಹಾಮಾಯಾ.

"ಆಪಾ, ನಕ್ಕೋ ಅನಬ್ಯಾಡ್ರಿ," ಅಂದಳು ಖತೀಜಾ ಬೇಗಂ.

"ಆದ್ರ ಪಾನಕ ಕೊಡ್ತಾರಾ?"

"ಕೊಡ್ತಾರ್ರಿ."

"ಆಗ್ತೇನಿ."

ಚಪ್ಪಾಳೆ ಬಿತ್ತು. ನರಸಿಂಗ ಬಾಯಿ ಬಿಟ್ಟ. ಉತ್ತಮ ಡಬ್ಬಿ ಕೆಳಗಿಟ್ಟು ಎರಡೂ ಕೈಯಿಂದ ಚಪ್ಪಾಳೆ ತಟ್ಟಿದರು. ಭಾಗೀರಥಿಬಾಯಿ ಒಂದಾದ ಸಂಘದ ಅಧ್ಯಕ್ಷೆಯಾಗಿ ಮನವಿ ಕೊಟ್ಟಳು. ಸಾಹೇಬರು ತೆಗೆದುಕೊಂಡು, "ಸರ್ಕಾರಕ್ಕೆ ಬರೀತೀನಿ," ಅಂದರು. ತಟ್ಟೆಯಿಂದ ಒಂದು ಗ್ಲಾಸು ಎತ್ತಿ ಆಕೆಯ ಕೈಗೆ ಕೊಟ್ಟರು. ತಣ್ಣನೆಯ ಗ್ಲಾಸು. ಅದರ ಮೇಲೆ ನಿಂಬೆಯ ಬೀಜವೊಂದು ತೇಲುತ್ತಿತ್ತು. ಆಕೆ ಬಾಯಿಯ ಹತ್ತಿರ ತಂದಳು.

"ಜರಾ ನಿಂದರ್ರಿ," ಅಂದಳು ಮಹಾಮಾಯಾ. "ಉಪವಾಸ ಬಿಡೋದು ನಮ್ಮ ಶಾಮಿಯಾನದಾಗ ಆಗಬೇಕು. ಮೊದಲು ಹಾರ ಹಾಕಿದವ್ರು ನಾವು."

"ಹ್ಯಾಂಗ ಆಗ್ತದ? ನಿಮ್ಮ ಕಡಿಂದ ಎದ್ದು ನಮ್ಮ ಕಡಿ ಬಂದಾರ. ನಮ್ಮ ಶಾಮಿಯಾನದಾಗೇ ಬಿಡಬೇಕು."

"ಹಂಗ ಮಾಡಿದ್ರ ನಾಳಿಗಿ ಭಾಲ್ಕಿಯವ್ರು ಗೆದ್ರು ಅಂತ ಸುದ್ದಿ ಆಗ್ತದ."

"ನಿಮ್ಮಲ್ಲಿ ಬಿಟ್ರ ಬೀದರದವ್ರು ಗೆದ್ರು ಅಂತ ಆಗ್ತದ."

"ನಾ ನಡುವ ನಿಂತೇ ಕುಡೀತೇನ್ರೆವಾ," ಅಂದಳು ಭಾಗೀರಥಿಬಾಯಿ. ಆದರೆ ಗ್ಲಾಸನ್ನು ಆಗಲೇ ಇಬ್ಬರೂ ಎರಡು ಕಡೆಯಿಂದ ಹಿಡಿದಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಬಿಡುವುದು ಎಲ್ಲಿ ಅನ್ನುವ ಜಗಳಕ್ಕೆ ಇಬ್ಬರಿಗೂ ಒಪ್ಪುವ ದಾರಿ ಒಂದೇ ಇತ್ತು. ಬಿಡದೇ ಇರುವುದು.

ಗ್ಲಾಸು ಆಕೆಯ ಕೈಯಿಂದ ಮೆಲ್ಲಗೆ ತಟ್ಟೆಗೆ ವಾಪಸು ಹೋಯಿತು. ಖತೀಜಾ ಬೇಗಂ ಮೈಕು ಎತ್ತಿದಳು, ಮಹಾಮಾಯಾ ಅದೇ ಮೈಕಿಗೆ ಬಾಯಿ ಸೇರಿಸಿದಳು.

"ಒಂದಾದ ಸಂಘದ ಮೊದಲನೇ ಠರಾವು! ಬರೀತೀನಿ ಅನ್ನೋ ಮಾತು ನಡಿಯಂಗಿಲ್ಲ, ಆದೇಶ ಬರಬೇಕು! ಅಲ್ಲೀತನಕ ಅಧ್ಯಕ್ಷರಾದ ಭಾಗೀರಥಿಬಾಯಿ ಅಕ್ಕನೋರ ಬೇಮುದ್ದತ್ ಅನಿರ್ದಿಷ್ಟ ಉಪವಾಸ! ಉಳದವ್ರು ಪಾಳಿ ಪ್ರಕಾರ ಕೂಡ್ತಾರ, ಅಧ್ಯಕ್ಷರು ಮಾತ್ರ ಏಳಂಗಿಲ್ಲ!"

ಜನ ಕುಣಿದರು. ಎರಡೂ ಶಾಮಿಯಾನಗಳ ಹಗ್ಗ ಬಿಚ್ಚಿ, ನಡುವಿನ ಕುರ್ಚಿಯ ಮೇಲೆ ಒಂದು ದೊಡ್ಡ ಶಾಮಿಯಾನವಾಗಿ ಕಟ್ಟತೊಡಗಿದರು. ಸಾಹೇಬರು, "ನಿಮ್ಮಿಷ್ಟಮ್ಮ," ಅಂದು ಕಾರು ಹತ್ತಿದರು. ಪಾನಕದ ತಟ್ಟೆ ಅವರ ಹಿಂದೆಯೇ ಹೋಯಿತು.

ಭಾಗೀರಥಿಬಾಯಿ ಬೀಗರ ಕಡೆಗೆ ಕೈ ಚಾಚಿದಳು. ಇವರಾದರೂ ಬಿಡಿಸಿಯಾರು ಅನ್ನುವ ಆಸೆ. ಉತ್ತಮ ಎರಡು ಹೆಜ್ಜೆ ಮುಂದೆ ಬಂದು ಮೈಕು ಇಸಿದುಕೊಂಡರು. ಅವರ ಕಣ್ಣು ತುಂಬಿತ್ತು.

"ಇಂಥಾ ತಾಯಿ ಹಸಗೊಂಡು ಕುಂತಾಗ ನಾವು ಲಗ್ನದ ಮಾತು ಆಡೋದು ಶೋಭಾ ಅಲ್ರಿ. ಇವ್ರ ಹೋರಾಟ ಗೆಲ್ಲೋತನಕ ನಮ್ಮ ಕಪಿಲನ ಲಗ್ನಾ ಇಲ್ಲ! ಈ ಊಟಾನೂ ವಾಪಸ್ ಒಯ್ಯಂಗಿಲ್ಲ, ಸಂಘಕ್ಕೇ ಅರ್ಪಣಾ!"

ಜೈಕಾರ ಮುಗಿಲಿಗೆ ಮುಟ್ಟಿತು. ಮುನ್ನಿಬೀ ಡಬ್ಬಿ ಎತ್ತಿಕೊಂಡು ಹೊಸ ಪರದೆಯ ಹಿಂದೆ ಹೋದಳು. ಹಿಂದೆಯೇ ಬೀದರದವರು ನಾಲ್ವರು, ಭಾಲ್ಕಿಯವರು ಐವರು ಭುಜಕ್ಕೆ ಭುಜ ಹಚ್ಚಿ ಹೋದರು. ಮೂರು ವರ್ಷದ ಮೇಲೆ ಒಂದೇ ತಾಟಿನಲ್ಲಿ ಉಣ್ಣುವ ಸಂಭ್ರಮ ಅವರದು. ಡಬ್ಬಿಯ ಮುಚ್ಚಳ ತೆಗೆದ ಸದ್ದು ಅಧ್ಯಕ್ಷರ ಕುರ್ಚಿಯವರೆಗೂ ಕೇಳಿಸಿತು.

"ಏ ಮುನ್ನಿಬೀ, ನನಗೊಂದು ಹೋಳಿಗಿ ತಗದಿಡವಾ, ನಿನ್ನ ಕಾಲು ಬೀಳ್ತೇನಿ," ಅಂದಳು ಭಾಗೀರಥಿಬಾಯಿ.

ಜಹೀರೋದ್ದೀನ ಗಾಬರಿಯಾಗಿ ಆಕೆಯ ಕಿವಿಯ ಹತ್ತಿರ ಬಗ್ಗಿದ.

"ಅಧ್ಯಕ್ಷರೇ, ಜರಾ ಹಗೂರಕ. ಮೈಕ್ ಚಾಲೂ ಆದ."